ಕಿರುನಾಟಕ ನೋಡುವ ಮುಂಚೆ ಒಂದು ಮಾತು

ನಮಸ್ಕಾರ ಎಲ್ಲರಿಗೂ. ಹೋದ ವಾರ ಕುಂಬಳೆ ಹತ್ತಿರ ಒಂದು ಶಾಲೆಯ ಹಾಲ್‌ನಲ್ಲಿ ಮೂರು ಕಿರುನಾಟಕ ನೋಡಿದೆವು. ಹೊರಗೆ ಬರುವಾಗ ಪಕ್ಕದವರು, "ಶುರು ಆದದ್ದೇ ಗೊತ್ತಾಗಲಿಲ್ಲ, ಅಷ್ಟರಲ್ಲಿ ಮುಗಿಯಿತಲ್ಲ ಮಾರಾಯ್ರೇ" ಅಂದರು. ತಪ್ಪು ಅವರದ್ದಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರು ನಾವು. ಯಕ್ಷಗಾನದಲ್ಲಿ ಒಡ್ಡೋಲಗ ಇದೆ, ವೇಷ ಬಂದು ತಾನು ಯಾರು ಅಂತ ಹೇಳುತ್ತದೆ. ಈಗಿನವರ ಕಿರುನಾಟಕದಲ್ಲಿ ಹೆಚ್ಚಾಗಿ ಆ ಪೀಠಿಕೆ ಇಲ್ಲ. ಜಗಳದ ನಡುವೆಯೇ ಬೆಳಕು ಬರುತ್ತದೆ.

ಹಾಗಾಗಿ ಐದು ನಿಮಿಷ ಮೊದಲೇ ಹೋಗಿ, ರಂಗವನ್ನು ಸುಮ್ನೆ ನೋಡಿ. ಕುರ್ಚಿ ಒಂದೇ, ಚಹಾದ ಲೋಟ ಎರಡು ಅಂದರೆ ಅದು ಮರೆತು ಇಟ್ಟದ್ದಲ್ಲ. ಮಾತು ನಿಲ್ಲುವ ಜಾಗವನ್ನೂ ಗಮನಿಸಿ. ಅಪ್ಪ "ಊಟ ಆಯ್ತಾ?" ಅಂತ ಕೇಳುತ್ತಾನೆ, ಮಗ ಫೋನನ್ನು ಮಗುಚಿ ಇಡುತ್ತಾನೆ. ಉತ್ತರ ಅದೇ. ಆಗ ನಾವು ಚಕ್ಕುಲಿ ಪೊಟ್ಟಣ ಬಿಚ್ಚುತ್ತಿದ್ದರೆ ಅರ್ಧ ನಾಟಕ ಹೋಯಿತು!

ಪುಸ್ತಕದಲ್ಲಿ ಓದುವುದಾದರೆ ಒಬ್ಬರೇ ಓದಬೇಡಿ. ಮೂರ್ನಾಲ್ಕು ಜನ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ. ಆವರಣದೊಳಗಿನ ರಂಗಸೂಚನೆಯನ್ನೂ ಒಬ್ಬರು ಓದಲಿ, ಜಾಸ್ತಿ ಜನ ಅದನ್ನು ಹಾರಿಸಿಬಿಡುತ್ತಾರೆ. ವೇಷ ಇಲ್ಲದೆ ಕೂತು, ಆಗಲೇ ಮಾತು ಕಟ್ಟಿ ಪ್ರಸಂಗ ನಡೆಸುವ ತಾಳಮದ್ದಳೆಯ ಅಭ್ಯಾಸ ಇದ್ದವರಿಗೆ ಇದು ಸುಲಭ. ಆದರೆ ಮಾತು ಬೆಳೆಸುವ ಚಪಲ ಮಾತ್ರ ಬಿಡಬೇಕು, ಇಲ್ಲಿ ಬರೆದಷ್ಟೇ.

ಕೊನೆ ಅರ್ಥ ಆಗಲಿಲ್ವಾ? ನಾಟಕಕಾರರು ಸಿಕ್ಕಿದರೆ "ಸಂದೇಶ ಏನು?" ಅಂತ ಕೇಳಬೇಡಿ. "ಆ ಎರಡನೇ ಲೋಟ ಯಾರದ್ದು?" ಅಂತ ಕೇಳಿ, ಮಾತು ತಾನಾಗಿ ಶುರುವಾಗುತ್ತದೆ.