ಕಿರುನಳಿಗೆಯಲ್ಲಿ ಹೀಲಿಯಂ ಪ್ಲಾಸ್ಮಾ ಜೆಟ್: ಕಟ್ಟುವ ಕ್ರಮ, ಅಳೆಯುವ ಕ್ರಮ

ನಿರ್ವಾತ ಪಂಪಿನ ಹಂಗಿಲ್ಲದೆ, ಕೋಣೆಯ ಗಾಳಿಯ ಒತ್ತಡದಲ್ಲಿಯೇ ಪ್ಲಾಸ್ಮಾ ಜೆಟ್ಟನ್ನು, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನ್ ಬೇರ್ಪಟ್ಟ (ಅಯಾನೀಕರಣಗೊಂಡ) ಅನಿಲದ ಬೆಳಗುವ ಎಳೆಯನ್ನು, ಅಭ್ಯಸಿಸಬೇಕೆನ್ನುವವರಿಗೆ ಹೀಲಿಯಂ ಹರಿಯುವ ಕ್ವಾರ್ಟ್ಜ್ ನಳಿಗೆ ಬಹಳ ಸರಳವಾದ ಸಾಧನ. ಜೆಟ್ ಹೊತ್ತಿಸಲು ಒಂದು ಮಧ್ಯಾಹ್ನ ಸಾಕಾದೀತು. ನಂಬಬಹುದಾದ ಅಳತೆಗೆ ವಾರಗಳೇ ಹಿಡಿಯುತ್ತವೆ.

ಒಳವ್ಯಾಸ 2 ಮಿ.ಮೀ., ಹೊರವ್ಯಾಸ 4 ಮಿ.ಮೀ. ಇರುವ ನಳಿಗೆಯನ್ನು ಆರಿಸಿಕೊಂಡು, ಬಾಯಿಂದ 10 ಮಿ.ಮೀ. ಒಳಗೆ ಹೈವೋಲ್ಟೇಜ್ ಪಟ್ಟಿಯನ್ನೂ ಅಲ್ಲಿಂದ 20 ಮಿ.ಮೀ. ಹಿಂದೆ ಅರ್ಥ್ ಪಟ್ಟಿಯನ್ನೂ ತಾಮ್ರದ ತೆಳು ಹಾಳೆಯಿಂದ ಬಳೆಯಂತೆ ಸುತ್ತಬೇಕು. ಹಾಳೆಗೂ ನಳಿಗೆಗೂ ನಡುವೆ ಗಾಳಿ ಉಳಿದರೆ ವಿಸರ್ಜನೆ (ಅನಿಲದ ಮೂಲಕ ವಿದ್ಯುತ್ ಹರಿಯುವುದು) ಮೊದಲು ಅಲ್ಲಿಯೇ ಶುರುವಾಗುವುದರಿಂದ, ಹಾಳೆಯನ್ನು ಉಗುರಿನಿಂದ ತೀಡಿ ಅಂಟಿಸಿ, ಅಂಚುಗಳನ್ನು ಸಿಲಿಕೋನ್‌ನಿಂದ ಮುಚ್ಚಬೇಕು. ಕತ್ತಲೆಯಲ್ಲಿ ಅಂಚಿನುದ್ದಕ್ಕೂ ನೀಲಿ ಗೆರೆ ಕಂಡರೆ ಆ ಕೆಲಸವನ್ನು ಮತ್ತೆ ಮಾಡಬೇಕು.

ವೋಲ್ಟೇಜಿಗಿಂತ ಮೊದಲು ಅನಿಲದ ಕಡೆ ಗಮನವಿರಲಿ. ನಿಮಿಷಕ್ಕೆ 2 ಲೀಟರ್ ಹರಿಸಿದರೆ ನಳಿಗೆಯೊಳಗೆ ಹೀಲಿಯಂ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಸಾಗುತ್ತದೆ. ಹರಿವು ನಯವೋ ಕದಡಿದ್ದೋ ಎಂದು ಸೂಚಿಸುವ ರೆನಾಲ್ಡ್ಸ್ ಸಂಖ್ಯೆ 200ರೊಳಗೇ ಇರುವುದರಿಂದ ಹರಿವು ನಯವಾಗಿರುತ್ತದೆ. ಹರಿವನ್ನು ತೀರ ಹೆಚ್ಚಿಸಿದರೆ ಅದು ಕದಡಿ ಗಾಳಿ ಬೇಗ ಬೆರೆತು ಜೆಟ್ ಉದ್ದವಾಗುವ ಬದಲು ಮೊಟಕಾಗುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ಟೀಲ್ ಅಥವಾ ಟೆಫ್ಲಾನ್ ಕೊಳವೆ ಬಳಸಿ, ಹತ್ತು ನಿಮಿಷ ಅನಿಲ ಹರಿಯಬಿಟ್ಟ ಬಳಿಕವೇ ಸ್ವಿಚ್ ಹಾಕುವುದು ಒಳ್ಳೆಯದು.

20 ಕಿಲೋಹರ್ಟ್ಜ್ ಆವರ್ತನದಲ್ಲಿ ವೋಲ್ಟೇಜನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿದರೆ ಕೆಲವೇ ಕಿಲೋವೋಲ್ಟ್‌ಗಳಲ್ಲಿ ನಳಿಗೆ ಬೆಳಗುತ್ತದೆ. ಕೋಣೆಗೆ ಗಾಳಿಯಾಟ ಇರಲೇಬೇಕು, ಏಕೆಂದರೆ ಜೆಟ್ ಓಜೋನ್ ಹುಟ್ಟಿಸುತ್ತದೆ, ಸೋರಿದ ಹೀಲಿಯಂ ಆಮ್ಲಜನಕವನ್ನು ಹೊರದೂಡುತ್ತದೆ. ಸ್ವಿಚ್ ತೆಗೆದ ಮೇಲೂ ಅರ್ಥ್ ಕೋಲು (ಭೂಮಿಗೆ ಜೋಡಿಸಿದ ಲೋಹದ ಕೋಲು) ಮುಟ್ಟಿಸದೆ ಕೈ ಹಾಕಕೂಡದು.

ವಿದ್ಯುತ್ ಸಂಕೇತದ ಏರಿಳಿತವನ್ನು ತೋರಿಸುವ ಆಸಿಲೋಸ್ಕೋಪಿನಲ್ಲಿ ಕಾಣುವ ವಿದ್ಯುತ್ ಪ್ರವಾಹದ ಬಹುಪಾಲು ಪಟ್ಟಿಗಳ ಧಾರಕತೆಯದೇ (ಆವೇಶವನ್ನು ಹಿಡಿದಿಡುವ ಗುಣದ್ದೇ) ಆಗಿರಬಹುದು. ಅದೇ ವೋಲ್ಟೇಜಿನಲ್ಲಿ ಹೀಲಿಯಂ ನಿಲ್ಲಿಸಿ, ನಳಿಗೆ ಕತ್ತಲಾಗಿರುವಾಗಿನ ಪ್ರವಾಹವನ್ನು ದಾಖಲಿಸಿ ಕಳೆದರೆ ವಿಸರ್ಜನೆಯ ಪಾಲು ಉಳಿಯುತ್ತದೆ. ಸೆಕೆಂಡಿಗೆ ವ್ಯಯವಾಗುವ ಶಕ್ತಿಯನ್ನು ಅಳೆಯಲು ಅರ್ಥ್ ತಂತಿಯಲ್ಲಿ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಆವೇಶ ಮತ್ತು ವೋಲ್ಟೇಜ್‌ಗಳ ಲಿಸಾಜು ಆಕೃತಿಯ (ಒಂದರ ಎದುರು ಇನ್ನೊಂದನ್ನು ಬರೆದಾಗ ಬರುವ ಮುಚ್ಚಿದ ಗೆರೆಯ) ವಿಸ್ತೀರ್ಣವನ್ನು ಆವರ್ತನದಿಂದ ಗುಣಿಸುವುದು ರೂಢಿ. ಆದರೆ ಬಾಯಿಂದ ಹೊರಬಂದ ಜೆಟ್ಟಿನ ಪ್ರವಾಹ ಸುತ್ತಲಿನ ವಸ್ತುಗಳ ಮೂಲಕ ಮರಳುತ್ತದೆಯೇ ಹೊರತು ಈ ಕೆಪಾಸಿಟರ್ ಮೂಲಕವಲ್ಲ. ಆದ್ದರಿಂದ ಹೈವೋಲ್ಟೇಜ್ ತಂತಿಗೂ ಒಂದು ಕರೆಂಟ್ ಪ್ರೋಬ್ ತೊಡಿಸಿ ಎರಡನ್ನೂ ಹೋಲಿಸಬೇಕು.

ಕಣ್ಣಿಗೆ ಅಖಂಡವಾಗಿ ಕಾಣುವ ಜೆಟ್ ವಾಸ್ತವದಲ್ಲಿ ಒಂದರ ಹಿಂದೊಂದು ಓಡುವ ಅಯಾನೀಕರಣದ ಅಲೆಗಳ ಸಾಲು ಎಂಬುದು 2005ರ ಹೊತ್ತಿಗೆ ಅತಿವೇಗದ ಕ್ಯಾಮೆರಾಗಳಿಂದ ತಿಳಿಯಿತು. ಅವುಗಳಿಗೆ ಪ್ಲಾಸ್ಮಾ ಬುಲೆಟ್ ಎಂಬ ಹೆಸರೂ ಬಿತ್ತು. ಅಂಥ ಕ್ಯಾಮೆರಾ ಇಲ್ಲದವರು ಜೆಟ್ಟಿನ ಉದ್ದಕ್ಕೆ 10 ಮಿ.ಮೀ. ಅಂತರದಲ್ಲಿ ಎರಡು ಆಪ್ಟಿಕಲ್ ಫೈಬರ್‌ಗಳನ್ನಿಟ್ಟು, ಬೆಳಕನ್ನು, ಅದನ್ನು ವಿದ್ಯುತ್ ಸಂಕೇತವಾಗಿಸುವ ಎರಡು ಫೋಟೋಮಲ್ಟಿಪ್ಲಯರ್‌ಗಳಿಗೆ ಒಯ್ದು ಸಮಯದ ವ್ಯತ್ಯಾಸವನ್ನು ಓದಬಹುದು. ವ್ಯತ್ಯಾಸ 200 ನ್ಯಾನೋಸೆಕೆಂಡ್ ಬಂದರೆ ವೇಗ ಸೆಕೆಂಡಿಗೆ 50 ಕಿಲೋಮೀಟರ್, ಅಂದರೆ ಅನಿಲದ ವೇಗದ ಐದು ಸಾವಿರ ಪಟ್ಟು. ಫೈಬರ್ ಕೇಬಲ್‌ಗಳ ಉದ್ದ ಸಮವಾಗಿರದಿದ್ದರೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತಪ್ಪು ನುಸುಳುತ್ತದೆ. ಎರಡನ್ನೂ ಒಂದೇ ಬಿಂದುವಿಗೆ ಗುರಿಯಿಟ್ಟು ಆ ತಪ್ಪನ್ನು ಮೊದಲೇ ಗುರುತು ಹಾಕಿಕೊಂಡಿರಬೇಕು.