ಗೆಳೆತನವೇ ಪ್ರೀತಿಯಾಗುವ ಕಾದಂಬರಿಯನ್ನು ನಾನು ಬರೆದ ಬಗೆ

ಇಬ್ಬರು ಹಳೆಯ ಗೆಳೆಯರು ಕೊನೆಗೆ ಪ್ರೇಮಿಗಳಾಗುತ್ತಾರೆ ಎಂಬುದು ಇಂಥ ಕಾದಂಬರಿಯ ಬೆನ್ನುಡಿಯಲ್ಲೇ ಗೊತ್ತಾಗಿಬಿಡುತ್ತದೆ. ಕತೆ ಎಲ್ಲಿಗೆ ಮುಟ್ಟುತ್ತದೆಂದು ಮೊದಲೇ ತಿಳಿದಿರುವ ಓದುಗರನ್ನು ಕೊನೆಯವರೆಗೂ ಹಿಡಿದಿಡುವುದು ಹೇಗೆ ಎಂಬುದೇ ತಿಳಿಹಾಸ್ಯದ ಪ್ರೇಮಕತೆಯೊಂದನ್ನು ಬರೆಯಲು ಕುಳಿತಾಗ ನನಗೆ ಎದುರಾದ ಮೊದಲ ಪ್ರಶ್ನೆ. ಓದುಗಳಾಗಿ ನಾನು ಇಂಥ ಕತೆಗಳನ್ನು ಹುಡುಕಿಕೊಂಡು ಹೋಗುವುದೇಕೆ ಎಂದು ಯೋಚಿಸಿದಾಗ ಉತ್ತರದ ಸುಳಿವು ಸಿಕ್ಕಿತು. ಆ ಇಬ್ಬರಿಗೆ ತಮ್ಮ ಮನಸ್ಸು ತಿಳಿಯುವ ಬಹಳ ಮೊದಲೇ ನಮಗೆ ಅದು ತಿಳಿದಿರುತ್ತದೆ. ಅವರು ಯಾವಾಗ, ಯಾವ ಪೆದ್ದುತನದ ನಡುವೆ ಅದನ್ನು ಕಂಡುಕೊಳ್ಳುತ್ತಾರೋ ಎಂದು ಕಾಯುವುದೇ ಇಲ್ಲಿನ ಸುಖ.

ಆದ್ದರಿಂದ ಕಾದಂಬರಿಯ ಮೊದಲ ಭಾಗದಲ್ಲಿ ಪ್ರೇಮದ ಸುದ್ದಿಯನ್ನೇ ಎತ್ತದೆ ಬರಿಯ ಸ್ನೇಹವನ್ನು ಬರೆದೆ. ಅಪರಿಚಿತರ ಪ್ರೇಮಕತೆಯಲ್ಲಿ ಪರಿಚಯಕ್ಕೇ ಹಲವು ಅಧ್ಯಾಯಗಳು ಸಂದುಹೋಗುತ್ತವೆ. ಇಲ್ಲಿಯಾದರೋ ಮೊದಲ ಪುಟದಿಂದಲೇ ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಬಹುದು, ಕಾಲೆಳೆಯಬಹುದು, ಕಾರಣ ಹೇಳದೆ ನಗಬಹುದು. ಪ್ರೇಮ ಹುಟ್ಟದೇ ಹೋದರೂ ಇವರ ಜೊತೆ ಇನ್ನಷ್ಟು ಹೊತ್ತು ಕಳೆಯೋಣ ಎಂದು ಓದುಗರಿಗೆ ಅನ್ನಿಸುವಷ್ಟು ಆ ಗೆಳೆತನ ತುಂಬಿಕೊಂಡಿರಬೇಕು. ಹಾಗಿದ್ದರೆ ಮಾತ್ರ, ಮನಸ್ಸು ಬಿಚ್ಚಿ ಹೇಳಿದರೆ ಇರುವ ಗೆಳೆತನವೂ ಕೈತಪ್ಪೀತೆಂಬ ಭಯ ಅವರೊಂದಿಗೆ ಓದುಗರನ್ನೂ ಕಾಡುತ್ತದೆ.

ಕತೆಗೆ ಈ ಭಯಕ್ಕಿಂತ ದೊಡ್ಡ ಅಡ್ಡಿ ಬೇಕಿಲ್ಲ. ಒಂದೇ ಫೋನ್ ಕರೆಯಲ್ಲಿ ಬಗೆಹರಿಯುವ ತಪ್ಪುಗ್ರಹಿಕೆಯನ್ನು ಅಧ್ಯಾಯಗಟ್ಟಲೆ ಎಳೆಯುವುದು ನನಗೆ ಸಹ್ಯವಲ್ಲ; ಎಲ್ಲವನ್ನೂ ಹೇಳಿಕೊಳ್ಳುವ ಗೆಳೆಯರು ಅದೊಂದನ್ನು ಮಾತ್ರ ಕೇಳದೆ ಉಳಿದರೆಂದರೆ ಯಾರು ನಂಬುತ್ತಾರೆ? ಮೂರನೆಯ ವ್ಯಕ್ತಿಯನ್ನು ತರುವುದು ಹಳೆಯ ತಂತ್ರವೇ ಆದರೂ ಅದರಲ್ಲಿ ಹುರುಳಿದೆ. ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟೆನ್ ಅವರ, 1815ರಲ್ಲಿ ಪ್ರಕಟವಾದ ‘ಎಮ್ಮಾ’ ಕಾದಂಬರಿಯಲ್ಲಿ ನಾಯಕಿಗೆ ತನ್ನ ಮನಸ್ಸು ಅರಿವಾಗುವುದು, ಬಹುಕಾಲದ ಗೆಳೆಯ ನೈಟ್ಲಿಯನ್ನು ತನ್ನ ಗೆಳತಿ ಹ್ಯಾರಿಯೆಟ್ ಮೆಚ್ಚಿದ್ದಾಳೆಂದು ತಿಳಿದಾಗ. ನನ್ನ ಕತೆಯ ಮೂರನೆಯವನನ್ನು ನಾನು ಖಳನನ್ನಾಗಿಸಲಿಲ್ಲ. ಅವನು ಒಳ್ಳೆಯವನು, ಅಗತ್ಯಕ್ಕಿಂತ ತುಸು ಹೆಚ್ಚೇ ಒಳ್ಳೆಯವನು. ಹಾಗಾಗಿ ನಾಯಕನಿಗೆ ಅವನನ್ನು ದ್ವೇಷಿಸುವ ಅನುಕೂಲವೂ ಇಲ್ಲ.

ನಾನು ಅತಿ ಹೆಚ್ಚು ತಿದ್ದಿದ್ದು ಗೆಳೆತನ ಬಣ್ಣ ಬದಲಿಸುವ ಪ್ರಸಂಗವನ್ನು. ನಾಯಕನ ಕನ್ನಡಕ ಸದಾ ಮಸುಕಾಗಿರುತ್ತದೆ. ನಾಯಕಿ ಬೈಯುತ್ತಲೇ ಅದನ್ನು ಅವನ ಮುಖದಿಂದ ಕಿತ್ತುಕೊಂಡು, ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸುತ್ತಾಳೆ. ಇದು ಆರಂಭದ ಅಧ್ಯಾಯಗಳಲ್ಲಿ ಹಲವು ಸಲ, ಯಾರೂ ಗಮನಿಸದಂತೆ ಬಂದುಹೋಗುತ್ತದೆ. ನಡುಭಾಗದಲ್ಲಿ ಒಂದು ದಿನ ಅವಳು ಎಂದಿನಂತೆ ಕನ್ನಡಕ ತೆಗೆಯುತ್ತಾಳೆ, ಒರೆಸುತ್ತಾಳೆ, ಆದರೆ ಅವನಿಗೆ ತೊಡಿಸದೆ ಮೇಜಿನ ಮೇಲಿಟ್ಟು ಕಿಟಕಿ ಮುಚ್ಚಲು ಎದ್ದುಹೋಗುತ್ತಾಳೆ. ಕಿಟಕಿ ಮೊದಲೇ ಮುಚ್ಚಿರುತ್ತದೆ. ಅವನು ಕನ್ನಡಕಕ್ಕಾಗಿ ಮೇಜಿನ ಮೇಲೆಲ್ಲ ತಡಕಾಡುತ್ತಾನೆ. ಮೊದಲ ಕರಡಿನಲ್ಲಿ ಅವಳ ಎದೆಬಡಿತ, ನಾಚಿಕೆ ಎಲ್ಲವನ್ನೂ ವರ್ಣಿಸುವ ಒಂದು ಪ್ಯಾರಾ ಇತ್ತು. ಮುಚ್ಚಿದ ಕಿಟಕಿಯೇ ಅಷ್ಟನ್ನೂ ಹೇಳುತ್ತಿದ್ದುದರಿಂದ ಅದನ್ನು ಹೊಡೆದುಹಾಕಿದೆ.

ಹಾಸ್ಯದ ವಿಷಯದಲ್ಲಿ ನಾನು ಪಾಲಿಸಿದ ಕಟ್ಟುಪಾಡು ಒಂದೇ: ತಮಾಷೆ ಪಾತ್ರಗಳ ಬಾಯಲ್ಲಿರಬೇಕು, ನಿರೂಪಕಿಯ ಬಾಯಲ್ಲಲ್ಲ. ನಿರೂಪಕಿಯೇ ಅವರನ್ನು ಗೇಲಿ ಮಾಡತೊಡಗಿದರೆ ಓದುಗರೂ ಅವರನ್ನು ದೂರದಿಂದ ನೋಡತೊಡಗುತ್ತಾರೆ. ಅಲ್ಲದೆ, ಜಗಳದಲ್ಲೂ ಚಟಾಕಿ ಹಾರಿಸುವ ಇವರಿಬ್ಬರು ಒಂದು ಅಧ್ಯಾಯದಲ್ಲಿ ಅತ್ಯಂತ ಸಭ್ಯವಾಗಿ ಮಾತನಾಡಿಕೊಂಡರೆ, ಏನೋ ಕೆಟ್ಟಿದೆಯೆಂದು ಬೇರೆ ವಿವರಣೆ ಕೊಡಬೇಕಾಗಿಲ್ಲ.

ಪ್ರೇಮ ನಿವೇದನೆಯನ್ನು ಕೊನೆಯ ಪುಟಕ್ಕೆ ಕಾದಿರಿಸದೆ ಕೆಲವು ಅಧ್ಯಾಯಗಳಷ್ಟು ಮುಂಚೆಯೇ ತಂದೆ. ಇಷ್ಟು ಕಾಯಿಸಿದ ಮೇಲೆ, ಅವರು ಪ್ರೇಮಿಗಳಾಗಿಯೂ ಹಳೆಯ ಜಗಳಗಳನ್ನೇ ಹೇಗೆ ಮುಂದುವರಿಸುತ್ತಾರೆಂದು ನೋಡುವ ಹಕ್ಕು ಓದುಗರಿಗಿದೆ. ಸುದ್ದಿ ತಿಳಿಸಲು ಅವರು ಭಾರೀ ಪೀಠಿಕೆ ಹಾಕುವಾಗ, ಗೆಳೆಯರ ಗುಂಪಿನಲ್ಲಿ ಒಬ್ಬರಿಗೂ ಆಶ್ಚರ್ಯವಾಗದ ಅಧ್ಯಾಯವನ್ನು ಬರೆಯುವುದು ಎಲ್ಲಕ್ಕಿಂತ ಸುಲಭವಾಯಿತು.