ನೈಟ್ ಡ್ಯೂಟಿಯ ನರ್ಸ್‌ಗಳಿಗೆ ಹಗಲು ನಿದ್ದೆ: ಹೊಂದಿಸಿಕೊಳ್ಳುವ ಕ್ರಮ

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ವಾರ್ಡಿನಲ್ಲಿ ಓಡಾಡಿ ಬಂದವರಿಗೆ ಹಗಲಲ್ಲಿ ಹಾಸಿಗೆ ಸಿಗುತ್ತದೆ, ನಿದ್ದೆ ಸಿಗುವುದಿಲ್ಲ. ಮೈಯೊಳಗಿನ ಗಡಿಯಾರ ಬೆಳಕು ನೋಡಿ ನಡೆಯುವಂಥದ್ದು. ಬೆಳಕು ಹರಿದು ಮೈಯ ಬಿಸಿ ಏರತೊಡಗಿದಾಗ ಅದು ಏಳು ಎನ್ನುತ್ತಿರುತ್ತದೆ, ನೀವು ಆಗ ಮಲಗಲು ಹೊರಟಿರುತ್ತೀರಿ. ಹೀಗಾಗಿ ಹಗಲು ನಿದ್ದೆ 4–5 ಗಂಟೆಗೇ ಮುರಿಯುತ್ತದೆ. ನಾಲ್ಕು ನೈಟ್ ಸಾಲಾಗಿ ಬಿದ್ದರೆ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

ಮೊದಲ ನೈಟ್‌ನ ಮಧ್ಯಾಹ್ನ

ಹೆಚ್ಚಿನವರು ಎಡವುವುದು ಇಲ್ಲೇ. ಬೆಳಿಗ್ಗೆ 6ಕ್ಕೆ ಎದ್ದು, ಅಡುಗೆ, ಮಕ್ಕಳ ಸ್ಕೂಲು, ಬಟ್ಟೆ ಎಲ್ಲ ಮುಗಿಸಿ ಹಾಗೆಯೇ ಡ್ಯೂಟಿಗೆ ಹೋದರೆ ಬೆಳಗಿನ ಜಾವ 4ಕ್ಕೆ 22 ಗಂಟೆ ಎಚ್ಚರವಿದ್ದಂತಾಯಿತು. ಸತತ 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆಂದು 1997ರ ಅಧ್ಯಯನವೊಂದು ಅಳೆದು ತೋರಿಸಿದೆ. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ ಶೇ 0.03.

ಆದ್ದರಿಂದ ಮೊದಲ ನೈಟ್‌ನ ದಿನ ಮಧ್ಯಾಹ್ನ 3ರಿಂದ 5ರೊಳಗೆ ಒಂದೂವರೆ ಗಂಟೆಯಾದರೂ ಮಲಗಿ. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದು. ಸುತ್ತು ಮುಗಿಸಿ ಎದ್ದರೆ ತಲೆ ಹಗುರ ಇರುತ್ತದೆ. ನಿದ್ದೆ ಹತ್ತದಿದ್ದರೂ ಕತ್ತಲ ಕೋಣೆಯಲ್ಲಿ ಕಣ್ಣು ಮುಚ್ಚಿ ಒರಗಿರಿ. ಆ ದಿನ ಮಧ್ಯಾಹ್ನದ ಕಾಫಿ ಬಿಡಿ.

ವಾರ್ಡಿನಲ್ಲಿ

ರಾತ್ರಿಯ ಊಟವನ್ನು ಡ್ಯೂಟಿಗೆ ಹೊರಡುವ ಮುಂಚೆಯೇ ಮುಗಿಸಿ. ನಡುರಾತ್ರಿ ಜೀರ್ಣಶಕ್ತಿ ನಿಧಾನ. 2 ಗಂಟೆಗೆ ಬಿರಿಯಾನಿ ತಿಂದರೆ 4ಕ್ಕೆ ಹುಳಿತೇಗು, ಮಂಪರು ಎರಡೂ ಒಟ್ಟಿಗೆ ಬರುತ್ತವೆ. ಡಬ್ಬಿಯಲ್ಲಿ ಎರಡು ಇಡ್ಲಿ, ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ, ಜೊತೆಗೊಂದು ಬಾಟಲಿ ಮಜ್ಜಿಗೆ ಸಾಕು.

ಕಾಫಿಗೂ ಹೊತ್ತುಂಟು. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ರಕ್ತದಲ್ಲೇ ಇರುತ್ತದೆ. ಬೆಳಗಿನ ಜಾವ 5ಕ್ಕೆ ಕುಡಿದ ಸ್ಟ್ರಾಂಗ್ ಕಾಫಿ 9ಕ್ಕೆ ಮಲಗಿದಾಗಲೂ ಕಾಡುತ್ತದೆ. ಮೊದಲ ಲೋಟ ರಾತ್ರಿ 10ರ ಸುಮಾರಿಗೆ, ಕೊನೆಯದು 2ರೊಳಗೆ. ಚಹಾಕ್ಕೂ ಇದೇ ಲೆಕ್ಕ.

3ರಿಂದ 5ರವರೆಗೆ ಮೈಯ ಬಿಸಿ ತೀರಾ ಕೆಳಗಿಳಿದಿರುತ್ತದೆ, ಎಷ್ಟು ಅನುಭವವಿದ್ದವರಿಗೂ ಮರೆವು ಆಗುವ ವೇಳೆ ಅದು. ಇನ್ಸುಲಿನ್, ಹೆಪಾರಿನ್, ಪೊಟ್ಯಾಸಿಯಂ ಕ್ಲೋರೈಡ್‌ನಂಥ, ಡೋಸ್ ತಪ್ಪಿದರೆ ಜೀವಕ್ಕೇ ಅಪಾಯವಾಗುವ ಔಷಧಗಳ ಲೆಕ್ಕವನ್ನು ಆಗ ಒಬ್ಬರೇ ಮಾಡಬೇಡಿ. ಇನ್ನೊಬ್ಬರು ಕೇಸ್ ಶೀಟ್ ನೋಡಿ, ನಿಮ್ಮ ಅಂಕಿ ಕೇಳದೆ, ತಾವೇ ಲೆಕ್ಕ ಹಾಕಿ ಹೇಳಲಿ. ನೀವು ಹೇಳಿದ್ದಕ್ಕೆ ಅವರು ಬರೀ ತಲೆಯಾಡಿಸಿದರೆ ಇಬ್ಬರೂ ಒಂದೇ ತಪ್ಪು ಮಾಡುತ್ತೀರಿ. ಫೋನಿನಲ್ಲಿ ಡಾಕ್ಟರ್ ಹೇಳಿದ ಡೋಸ್ ಬರೆದುಕೊಂಡು, ಮಿಲಿಗ್ರಾಂ ಸಹಿತ ಅವರಿಗೇ ಓದಿ ಹೇಳಿ.

ಜೊತೆಗಾರರು ವಾರ್ಡ್ ನೋಡಿಕೊಳ್ಳುವುದಾದರೆ, ಆಸ್ಪತ್ರೆ ಒಪ್ಪುವುದಾದರೆ, 2ರ ಸುಮಾರಿಗೆ 20 ನಿಮಿಷ ಕಣ್ಣು ಮುಚ್ಚಿ. ಕೊನೆಯ ಕಾಫಿಯನ್ನು ಅದಕ್ಕೆ ಮುಂಚೆಯೇ ಕುಡಿದರೆ ಏಳುವ ಹೊತ್ತಿಗೆ ಅದು ಕೆಲಸ ಶುರು ಮಾಡುತ್ತದೆ. ಅಲಾರಂ ಇಲ್ಲದೆ ಮಲಗಬೇಡಿ. 40–50 ನಿಮಿಷವಾದರೆ ಗಾಢ ನಿದ್ದೆಯ ನಡುವೆ ಎದ್ದು ಅರ್ಧ ಗಂಟೆ ತಲೆ ಮಂಕಾಗಿರುತ್ತದೆ. 20 ನಿಮಿಷ ಮಲಗಿ ಎದ್ದರೂ ಮುಖ ತೊಳೆದು 15 ನಿಮಿಷ ಓಡಾಡಿ, ಆಮೇಲೆ ಸಿರಿಂಜ್ ಹಿಡಿಯಿರಿ.

ಮನೆಯ ದಾರಿ

ಓವರ್ ಕೊಟ್ಟು, ಅಂದರೆ ಮುಂದಿನ ಪಾಳಿಯವರಿಗೆ ವಾರ್ಡ್ ಒಪ್ಪಿಸಿ, ಹೊರಡುವಾಗ ಆಕಳಿಕೆ ನಿಲ್ಲದಿದ್ದರೆ ಸ್ಕೂಟರ್ ಅಲ್ಲೇ ಬಿಟ್ಟು ಬಸ್ ಹತ್ತಿ. ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡರೆ ಬೆಳಗಿನ ಬೆಳಕು ಗಡಿಯಾರವನ್ನು ಎಬ್ಬಿಸುವುದು ಕಡಿಮೆಯಾಗುತ್ತದೆ. ಗಾಡಿ ಓಡಿಸುವಾಗ ಮಾತ್ರ ಅದು ಬೇಡ, ಆಗ ಆ ಬೆಳಕೇ ನಿಮ್ಮನ್ನು ಎಚ್ಚರವಾಗಿಡುವುದು.

ಹಗಲು ನಿದ್ದೆ

ಮನೆಗೆ ಬಂದು ಸ್ನಾನ, ಹಗುರ ತಿಂಡಿ, 9ರೊಳಗೆ ಹಾಸಿಗೆ. ಪಾತ್ರೆ, ಬಟ್ಟೆಗೆ ಕೈ ಹಾಕಿದರೆ ಹೊತ್ತು 11 ಆಗುತ್ತದೆ, ಬಂದ ನಿದ್ದೆ ಹೋಗುತ್ತದೆ. 9ರಿಂದ 2ರವರೆಗೆ ಒಂದು ನಿದ್ದೆ, ಸಂಜೆ 5ರಿಂದ ಆರೂವರೆವರೆಗೆ ಇನ್ನೊಂದು. ಹೀಗೆ ಎರಡು ತುಂಡಾದರೂ ಆರೂವರೆ ಗಂಟೆ ಕೂಡಿಸಿದರೆ ಆ ದಿನಕ್ಕೆ ಸಾಕು.

ಕಿಟಕಿಗೆ ದಪ್ಪ ಕಪ್ಪು ಬಟ್ಟೆಯನ್ನು ಎರಡು ಪದರ ಮಾಡಿ, ಅಂಚುಗಳೂ ಮುಚ್ಚುವಂತೆ ಚೌಕಟ್ಟಿಗೇ ಮೊಳೆ ಹೊಡೆದು ಕಟ್ಟಿ. ನಿಮ್ಮ ಕೈಯ ಬೆರಳು ನಿಮಗೇ ಕಾಣದಷ್ಟು ಕತ್ತಲಿರಬೇಕು. ಫ್ಯಾನಿನ ಒಂದೇ ಸಮನಾದ ಸದ್ದು ಬೀದಿಯ ಗಲಾಟೆಯನ್ನು ಮುಚ್ಚುತ್ತದೆ. ಕರೆಂಟ್ ಹೋಗುವ ಊರಾದರೆ ಹತ್ತಿಯ ಹಾಸು, ಇಯರ್‌ಪ್ಲಗ್ ಹತ್ತಿರವಿರಲಿ. ಮಿಕ್ಸಿ, ಕುಕ್ಕರ್ ಕೆಲಸ 9ಕ್ಕೆ ಮುಂಚೆ ಅಥವಾ 2ರ ನಂತರ ಎಂದು ಮನೆಯವರ ಜೊತೆ ಮೊದಲೇ ಮಾತಾಡಿ ಒಪ್ಪಿಸಿ. ಕಾಲಿಂಗ್ ಬೆಲ್ ಸ್ವಿಚ್ ಆಫ್ ಮಾಡಿ. ಫೋನ್ ಸೈಲೆಂಟ್‌ನಲ್ಲಿಟ್ಟು ಮಕ್ಕಳ ಸ್ಕೂಲು, ಮನೆಯವರು, ಇನ್‌ಚಾರ್ಜ್ ಸಿಸ್ಟರ್ ಇವರ ನಂಬರ್‌ಗೆ ಮಾತ್ರ ರಿಂಗ್ ಬಿಡಿ. "ಹಗಲೆಲ್ಲಾ ಮಲಗ್ತಾಳೆ" ಎನ್ನುವ ಮಾತು ಮನೆಯಲ್ಲಿ ಬಂದರೆ ಸಂಕೋಚಪಟ್ಟು ಎದ್ದು ಬರಬೇಡಿ. ನಿಮ್ಮ ರಾತ್ರಿ ಅದೇ.

ಕೊನೆಯ ನೈಟ್ ಮುಗಿದ ದಿನ ಸಂಜೆವರೆಗೆ ಮಲಗಬೇಡಿ. ಮೂರು ಗಂಟೆ ಮಲಗಿ, 12ರ ಹೊತ್ತಿಗೆ ಎದ್ದು ಬಿಸಿಲಿಗೆ ಬನ್ನಿ, ರಾತ್ರಿ ಹತ್ತಕ್ಕೆ ಹಾಸಿಗೆ ಸೇರಿ.

ನಿದ್ದೆ ಮಾತ್ರೆಯ ವಿಷಯ: ವಾರ್ಡಿನ ಆಲ್ಪ್ರಜೋಲಾಂ ಕೈಗೆ ಸಿಗುತ್ತದೆಂದು ಒಂದು ದಿನವೂ ನುಂಗಬೇಡಿ. ಅದು ಬೇಗ ಅಭ್ಯಾಸಕ್ಕೆ ಬೀಳುತ್ತದೆ, ಮಂಪರು ಮುಂದಿನ ಡ್ಯೂಟಿಗೂ ಉಳಿಯಬಹುದು. ಆಫ್ ದಿನಗಳಲ್ಲಿ ರಾತ್ರಿ ಚೆನ್ನಾಗಿ ಮಲಗಿದ ಮೇಲೂ ಸುಸ್ತು ಮೂರು ವಾರ ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಮಹಿಳೆಯರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಅದು ರಕ್ತಹೀನತೆ. ಜೋರಾಗಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ ಏಳುವವರು ತಡ ಮಾಡದೆ ಡಾಕ್ಟರಿಗೆ ತೋರಿಸಿ.

ರೋಸ್ಟರ್ ಬರೆಯುವವರಿಗೆ ಒಂದು ಮಾತು. ಮೈಯ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ತುಸು ಉದ್ದ, ಹಾಗಾಗಿ ಹೊತ್ತನ್ನು ಮುಂದಕ್ಕೆ ತಳ್ಳುವುದು ಸುಲಭ, ಹಿಂದಕ್ಕೆಳೆಯುವುದು ಕಷ್ಟ. ಮಾರ್ನಿಂಗ್, ಆಫ್ಟರ್‌ನೂನ್, ನೈಟ್ ಈ ಕ್ರಮದಲ್ಲೇ ಪಾಳಿ ಹಾಕಿ. ನೈಟ್ ಇಳಿದವರಿಗೆ ಮರುದಿನ ಮಾರ್ನಿಂಗ್ ಹಾಕಲೇಬೇಡಿ.